ಕೆಲಸ ಬಿಡುವ ಮುನ್ನ ಈ ಮಾತು ಕೇಳಿ

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿ ಸೇರಿ ಅಲ್ಲಿಯೇ ನಿವೃತ್ತಳಾದವಳು ನಾನು. ನಮ್ಮ ಮನೆಯವರು ಆಟೊ ಓಡಿಸುತ್ತಾರೆ. ದೊಡ್ಡ ಮಗಳಿಗೆ ಬೌದ್ಧಿಕ ಅಂಗವೈಕಲ್ಯ, ಜೊತೆಗೆ ಫಿಟ್ಸ್. ಅವಳಿಗೀಗ ಮೂವತ್ತು ದಾಟಿದೆ. ಇಂಥ ಮಗುವಿರುವ ಎಳೆಯ ತಾಯಂದಿರು ನನ್ನನ್ನು ಹುಡುಕಿಕೊಂಡು ಬಂದಾಗ ಮೊದಲು ಕೇಳುವುದು ಒಂದೇ ಮಾತು: "ಅಕ್ಕಾ, ಕೆಲಸ ಬಿಟ್ಟುಬಿಡ್ಲಾ?" ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ. ತಿಂಗಳ ಸಂಬಳವನ್ನೇ ನಂಬಿ ಬದುಕುವ ನಮ್ಮಂಥ ಮನೆಗಳಿಗೆ ಇದು.

• ಡಾಕ್ಟರು ವಿಷಯ ತಿಳಿಸಿದ ವಾರವೇ ರಾಜೀನಾಮೆ ಬರೆಯಬೇಡಿ. ಆ ಹೊತ್ತಿನಲ್ಲಿ ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲರೂ "ತಾಯಿ ಮನೇಲಿದ್ರೆ ಮಗು ಸರಿಹೋಗುತ್ತೆ" ಅನ್ನುತ್ತಾರೆ. ತಾಯಿ ಮನೆಯಲ್ಲಿದ್ದ ಮಾತ್ರಕ್ಕೆ ಸರಿಹೋಗುವ ಸಂಗತಿ ಇದಲ್ಲ. ಥೆರಪಿಗೆ, ಮಾತ್ರೆಗೆ, ಓಡಾಟಕ್ಕೆ ದುಡ್ಡು ಬೇಕು, ಅದೂ ಒಂದು ವರ್ಷಕ್ಕೆ ಮುಗಿಯುವ ಖರ್ಚಲ್ಲ. ಮೊದಲು ರಜೆ ಕೇಳಿ, ಸಂಬಳವಿಲ್ಲದ ರಜೆಯಾದರೂ ಸರಿ. ಮಗುವಿಗೆ ದಿನದಲ್ಲಿ ಎಷ್ಟು ಹೊತ್ತಿನ ಆರೈಕೆ ಬೇಕು, ಅದರಲ್ಲಿ ಬೇರೆಯವರು ಮಾಡಬಹುದಾದದ್ದು ಯಾವುದು, ನೀವೇ ಆಗಬೇಕಾದದ್ದು ಯಾವುದು ಎಂದು ತಿಳಿಯಲಿಕ್ಕೆ ಕೆಲವು ತಿಂಗಳು ಹಿಡಿಯುತ್ತದೆ. ತಿಳಿದ ಮೇಲೆ ತೀರ್ಮಾನ ಮಾಡಿ. ಕೆಲಸ ಬಿಡಲೇಬೇಕಾದ ಮನೆಗಳೂ ಇವೆ. ರಾತ್ರಿಯಿಡೀ ಕಫ ತೆಗೆಯಬೇಕಾದ, ಗಳಿಗೆಗೊಮ್ಮೆ ಮಗ್ಗುಲು ಬದಲಿಸಬೇಕಾದ ಮಕ್ಕಳಿರುವ ಮನೆಗಳು. ಅಲ್ಲಿ ಕೆಲಸ ಬಿಟ್ಟವಳನ್ನು ಯಾರೂ ಪ್ರಶ್ನೆ ಮಾಡಬಾರದು.

• ಕೆಲಸ ಹುಡುಕುವಾಗ ಸಂಬಳ ಎಷ್ಟು ಎಂದು ಕೇಳುವ ಮೊದಲು ಪಿಎಫ್, ಇಎಸ್‌ಐ ಇದೆಯೇ ಎಂದು ಕೇಳಿ. ಅಂಗಡಿಯಲ್ಲೋ ಮನೆಗೆಲಸದಲ್ಲೋ ಕೈಗೆ ಸಾವಿರ, ಎರಡು ಸಾವಿರ ಹೆಚ್ಚು ಸಿಗಬಹುದು. ನಮ್ಮಂಥ ಮನೆಗೆ ಆ ಹೆಚ್ಚುವರಿ ದುಡ್ಡಿಗಿಂತ, ಮನೆಯವರಿಗೂ ಚಿಕಿತ್ಸೆ ಕೊಡುವ ಇಎಸ್‌ಐ ಕಾರ್ಡ್ ದೊಡ್ಡದು. ಗಂಡುಮಗ ದೊಡ್ಡವನಾದ ಮೇಲೆ ಇಎಸ್‌ಐನಿಂದ ಹೆಸರು ತೆಗೆದುಬಿಡುತ್ತಾರೆ ಎಂದು ಹಲವರು ಹೆದರುತ್ತಾರೆ. ಬೇರೆ ಗಂಡುಮಕ್ಕಳ ಮಟ್ಟಿಗೆ ಅದು ನಿಜ. ಆದರೆ ದೇಹದ ಅಥವಾ ಬುದ್ಧಿಯ ಊನದಿಂದಾಗಿ ಪೂರ್ತಿಯಾಗಿ ನಿಮ್ಮ ಗಳಿಕೆಯನ್ನೇ ನೆಚ್ಚಿಕೊಂಡಿರುವ ಮಗುವಿಗೆ, ಆ ಸ್ಥಿತಿ ಇರುವಷ್ಟು ಕಾಲವೂ ಚಿಕಿತ್ಸೆ ಉಂಟು ಎಂದು ಇಎಸ್‌ಐ ಕಾನೂನಿನಲ್ಲೇ ಇದೆ. ಕೌಂಟರಿನಲ್ಲಿ "ವಯಸ್ಸಾಯ್ತು" ಎಂದರೆ ಅಂಗವೈಕಲ್ಯದ ಪ್ರಮಾಣಪತ್ರ ಮುಂದಿಟ್ಟು ಕೇಳಿ. ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪುವ ಹಾಗಿಲ್ಲ. ಅದನ್ನು ತಿಂಗಳು ತಿಂಗಳೂ ಮೆಡಿಕಲ್ ಶಾಪಿನಲ್ಲಿ ಕೊಳ್ಳುವವರಿಗೆ ಈ ಕಾರ್ಡಿನ ಬೆಲೆ ಗೊತ್ತು.

• ಆ ಇಎಸ್‌ಐನಲ್ಲಿ ಒಂದು ಕೊರತೆಯಿದೆ. ನಿಮಗೆ ಜ್ವರ ಬಂದು ಕೆಲಸಕ್ಕೆ ಹೋಗದಿದ್ದರೆ ಕೂಲಿಯ ಒಂದು ಭಾಗ ಕೊಡುತ್ತದೆ. ಮಗುವಿಗೆ ಜ್ವರ ಬಂದು ನೀವು ಮನೆಯಲ್ಲಿ ಉಳಿದರೆ ಏನೂ ಕೊಡುವುದಿಲ್ಲ. ಆದ್ದರಿಂದ ಗಳಿಕೆ ರಜೆಯನ್ನು ಮದುವೆ, ಜಾತ್ರೆಗೆ ಖರ್ಚುಮಾಡದೆ ಮಗುವಿನ ಕಾಯಿಲೆಗೆಂದು ಉಳಿಸಿಕೊಳ್ಳಿ. ನೆಂಟರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

• ಪಿಎಫ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಪಿಎಫ್ ಎಂದರೆ ಮಗಳ ಮದುವೆಗೋ ಮನೆ ಬಾಡಿಗೆಯ ಅಡ್ವಾನ್ಸಿಗೋ ತೆಗೆಯುವ ದುಡ್ಡು ಎಂದೇ ನಾವು ತಿಳಿದಿರುತ್ತೇವೆ. ಅದರೊಳಗೆ ಪೆನ್ಷನ್ ಎಂಬ ಇನ್ನೊಂದು ಭಾಗವಿದೆ, 1995ರ ನೌಕರರ ಪಿಂಚಣಿ ಯೋಜನೆ. ಸದಸ್ಯರು ತೀರಿಕೊಂಡರೆ ಬೇರೆ ಮಕ್ಕಳಿಗೆ ಸಿಗುವ ಪಿಂಚಣಿ 25 ವರ್ಷ ತುಂಬಿದಾಗ ನಿಲ್ಲುತ್ತದೆ. ಶಾಶ್ವತವಾಗಿ, ಪೂರ್ಣವಾಗಿ ಅಂಗವಿಕಲರಾದ ಮಗ ಅಥವಾ ಮಗಳಿಗೆ ಮಾತ್ರ ವಯಸ್ಸಿನ ಮಿತಿಯಿಲ್ಲದೆ ಬರುತ್ತದೆ. ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಲೆಕ್ಕವೂ ಅದಕ್ಕಿಲ್ಲ. ಮೊತ್ತ ದೊಡ್ಡದಲ್ಲ, ನಿಜ. ಆದರೆ ನಾವು ಇಲ್ಲದ ಕಾಲದಲ್ಲಿ, ಯಾರ ಮುಂದೆಯೂ ಕೈಯೊಡ್ಡದೆ, ಆ ಮಗುವಿನ ಹೆಸರಿನ ಬ್ಯಾಂಕ್ ಪುಸ್ತಕಕ್ಕೇ ಬೀಳುವ ದುಡ್ಡು ಅದು. ನಮ್ಮಂಥವರಿಗೆ ಅಂಥದ್ದು ಬೇರೇನಿದೆ ಹೇಳಿ.

• ಅದಕ್ಕೇ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರುವಾಗ ಪೆನ್ಷನ್ ಭಾಗವನ್ನು ಕಿತ್ತುಕೊಳ್ಳಬೇಡಿ. ಪಿಎಫ್ ಹಣ ತೆಗೆಯಲು ಕೇಂದ್ರ ಸರ್ಕಾರ ಅಡ್ಡಿ ಹಾಕಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು, ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು. ಆ ಹೋರಾಟ ನ್ಯಾಯದ್ದು. ನಮ್ಮ ದುಡ್ಡು ನಮ್ಮ ಕಷ್ಟಕ್ಕೆ ಸಿಗಲೇಬೇಕು. ಆದರೆ ಹತ್ತು ವರ್ಷದ ಸರ್ವಿಸ್ ತುಂಬುವ ಮೊದಲೇ ಪೆನ್ಷನ್ ಭಾಗವನ್ನೂ ತೆಗೆದರೆ ಅಲ್ಲಿಯವರೆಗಿನ ಸರ್ವಿಸ್ ಲೆಕ್ಕದಿಂದ ಹೋಗುತ್ತದೆ. ತೆಗೆಯದೆ ಪಿಎಫ್‌ನ ಹಳೆಯ ಯುಎಎನ್ ನಂಬರನ್ನೇ ಹೊಸ ಕಂಪನಿಗೆ ಕೊಟ್ಟು ವರ್ಗ ಮಾಡಿಸಿ. ಕೆಲಸವನ್ನೇ ನಿಲ್ಲಿಸುವುದಾದರೆ ಸ್ಕೀಮ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಸರ್ವಿಸ್ ಉಳಿಯುತ್ತದೆ, ಮುಂದೆ ಮತ್ತೆ ಸೇರಿದಾಗ ಅದರ ಜೊತೆಗೇ ಕೂಡುತ್ತದೆ. ನಾಮಿನೇಷನ್‌ನ ಕುಟುಂಬದ ಪಟ್ಟಿಯಲ್ಲಿ ಈ ಮಗುವಿನ ಹೆಸರು, ಹುಟ್ಟಿದ ದಿನ ಎರಡೂ ಆಧಾರ್‌ನಲ್ಲಿ ಇರುವಂತೆಯೇ ಇರಬೇಕು. "ಅದಕ್ಕೇನು ತಿಳಿಯುತ್ತೆ, ಅದರ ಹೆಸರು ಯಾಕೆ" ಎಂದು ಇಂಥ ಮಗುವಿನ ಹೆಸರನ್ನೇ ಬಿಟ್ಟು ಉಳಿದ ಮಕ್ಕಳ ಹೆಸರು ಬರೆಸಿದ ಮನೆಗಳನ್ನು ಕಂಡಿದ್ದೇನೆ. ಎದೆ ಉರಿಯುತ್ತದೆ.

• "ಕೆಲಸಕ್ಕೆ ಹೋದ್ರೆ ಬಿಪಿಎಲ್ ಕಾರ್ಡ್ ಹೋಗುತ್ತೆ, ಮಾಸಾಶನ ಹೋಗುತ್ತೆ" ಎಂಬ ಭಯಕ್ಕೆ ಕೆಲಸ ಬಿಡುವವರು ಬಹಳ. ಭಯದಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ಮಿತಿ ವರ್ಷಕ್ಕೆ 1,20,000 ರೂಪಾಯಿ, ಅಂದರೆ ತಿಂಗಳಿಗೆ ಹತ್ತು ಸಾವಿರ. ಒಬ್ಬ ಟೈಲರ್ ಸಂಬಳಕ್ಕೇ ಅದು ದಾಟುತ್ತದೆ. ಅಂಗವಿಕಲರ ಮಾಸಾಶನದ ಮಿತಿ ಇನ್ನೂ ಕೆಳಗಿದೆ. ಅಂಗವೈಕಲ್ಯವಿರುವ ಮನೆಗೆ ಖರ್ಚು ಜಾಸ್ತಿ ಎಂಬುದನ್ನು ಈ ಮಿತಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದು ತಪ್ಪು, ಸರ್ಕಾರ ಇದನ್ನು ತಿದ್ದಬೇಕು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಲೆಕ್ಕ ಹಾಕುವುದು. ಒಂದು ಹಾಳೆ ತೆಗೆದುಕೊಂಡು ನಡುವೆ ಗೀಟು ಹಾಕಿ. ಒಂದು ಬದಿಗೆ ಆದಾಯ ನೋಡಿ ಕೊಡುವ ಸವಲತ್ತು ಬರೆಯಿರಿ: ರೇಷನ್ ಅಕ್ಕಿ, ಮಾಸಾಶನ, ಆಯುಷ್ಮಾನ್ ಆರೋಗ್ಯ ಕರ್ನಾಟಕದ 5 ಲಕ್ಷದವರೆಗಿನ ಚಿಕಿತ್ಸೆ. ಇನ್ನೊಂದು ಬದಿಗೆ ಆದಾಯ ಏರಿದರೂ ಹೋಗದೇ ಇರುವುದನ್ನು ಬರೆಯಿರಿ: ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ಮನೆಯಿಂದ 100 ಕಿಲೋಮೀಟರ್‌ವರೆಗಿನ ರಿಯಾಯಿತಿ ಬಸ್ ಪಾಸ್, ರೈಲಿನಲ್ಲಿ ಮಗುವಿಗೂ ಜೊತೆಗೆ ಹೋಗುವವರಿಗೂ ಸಿಗುವ ರಿಯಾಯಿತಿ, ನಿರಾಮಯ ವಿಮೆ (ಅದರ ವಿವರ ಮುಂದೆ ಹೇಳುತ್ತೇನೆ), ಹೆಣ್ಣುಮಕ್ಕಳಿಗೆಲ್ಲ ಇರುವ ಶಕ್ತಿ ಯೋಜನೆಯ ಪ್ರಯಾಣ. ಗೃಹಲಕ್ಷ್ಮಿ ಕೂಡ ಈ ಕಡೆಗೇ ಬರುತ್ತದೆ. ನೀವೋ ನಿಮ್ಮ ಯಜಮಾನರೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು, ಅಷ್ಟೆ. ಈಗ ಕೆಲಸದಿಂದ ಬರುವ ಸಂಬಳ, ಇಎಸ್‌ಐ, ಪಿಎಫ್ ಮೂರನ್ನೂ ಸೇರಿಸಿ, ಮೊದಲ ಬದಿಯಲ್ಲಿ ಹೋಗುವುದನ್ನು ಕಳೆಯಿರಿ. ಹೆಚ್ಚಿನ ಮನೆಗಳಲ್ಲಿ ಕೆಲಸವೇ ಮೇಲಾಗುತ್ತದೆ. ಆಗದಿದ್ದರೆ, ಆಯಾ ಇಟ್ಟುಕೊಂಡು ಅವರಿಗೇ ಸಂಬಳವೆಲ್ಲ ಹೋಗುವುದಾದರೆ, ಧೈರ್ಯವಾಗಿ ಮನೆಯಲ್ಲಿರಿ. ತೀರ್ಮಾನ ಲೆಕ್ಕದ್ದಾಗಿರಲಿ, ಭಯದ್ದಾಗುವುದು ಬೇಡ.

• ಆದಾಯ ಮುಚ್ಚಿಟ್ಟು ಪ್ರಮಾಣಪತ್ರ ಮಾಡಿಸಬೇಡಿ. ಪಿಎಫ್, ಆಧಾರ್, ರೇಷನ್ ಕಾರ್ಡ್ ಎಲ್ಲ ಈಗ ಒಂದಕ್ಕೊಂದು ಕೂಡಿಕೊಂಡಿವೆ. ಪರಿಶೀಲನೆಗೆ ಬಂದಾಗ ಕಾರ್ಡ್ ರದ್ದಾದರೆ ಆಸ್ಪತ್ರೆಯಲ್ಲಿ ಮಗು ಮಲಗಿರುವ ದಿನವೇ ಅದು ಗೊತ್ತಾಗುತ್ತದೆ.

• ಅಂಗವೈಕಲ್ಯ ಪ್ರಮಾಣಪತ್ರದಲ್ಲಿರುವ ಶೇಕಡಾವಾರು ಎಷ್ಟು ಮುಖ್ಯ ಎಂದು ಡಾಕ್ಟರ ಮುಂದೆ ಕೂತಾಗ ನಮಗೆ ತಿಳಿಯುವುದಿಲ್ಲ. 40ಕ್ಕಿಂತ ಕಡಿಮೆಯಾದರೆ ಬಹುತೇಕ ಸವಲತ್ತುಗಳ ಬಾಗಿಲು ತೆರೆಯುವುದಿಲ್ಲ. ರಾಜ್ಯದ ಮಾಸಾಶನದಲ್ಲಿ 40ರಿಂದ 75ರವರೆಗೆ ಒಂದು ಮೊತ್ತ, 75 ದಾಟಿದರೆ ಹೆಚ್ಚು. ಆದಾಯ ತೆರಿಗೆ ಕಟ್ಟುವವರಿಗೆ, ಹಳೆಯ ಪದ್ಧತಿಯಲ್ಲಿ ಮಾತ್ರ, 75,000 ರೂಪಾಯಿ ವಿನಾಯಿತಿ. 80 ಅಥವಾ ಅದಕ್ಕೂ ಹೆಚ್ಚಾದರೆ 1,25,000. ಮೌಲ್ಯಮಾಪನದ ದಿನ ಮಗುವಿಗೆ ಹೊಸ ಬಟ್ಟೆ ತೊಡಿಸಿ, "ಎಲ್ಲಾ ಮಾಡ್ತಾಳೆ ಸಾರ್" ಎಂದು ಹೇಳುವ ತಾಯಂದಿರಿದ್ದಾರೆ. ಮಗಳ ಮಾನ ಕಾಯುವ ಆಸೆ ಅದು, ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಹೇಳಬೇಕಾದದ್ದು ಕಷ್ಟದ ದಿನದ ಸತ್ಯ: ಗುಂಡಿ ತಾನೇ ಹಾಕಿಕೊಳ್ಳುತ್ತಾಳೆಯೇ, ಬಚ್ಚಲಿಗೆ ಒಬ್ಬಳೇ ಹೋಗುತ್ತಾಳೆಯೇ, ಹಸಿವಾದರೆ ಹೇಳುತ್ತಾಳೆಯೇ, ತಿಂಗಳಿಗೆ ಎಷ್ಟು ಸಲ ಫಿಟ್ಸ್ ಬರುತ್ತದೆ. ಕೂಡಿಸಿಯೂ ಹೇಳಬೇಡಿ, ಮುಚ್ಚಿಯೂ ಹೇಳಬೇಡಿ. ಪ್ರಮಾಣಪತ್ರ ತಾತ್ಕಾಲಿಕವೋ ಶಾಶ್ವತವೋ ನೋಡಿಕೊಳ್ಳಿ. ತಾತ್ಕಾಲಿಕವಾದರೆ ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

• ಕಾಗದಗಳಿಗೆ ಒಂದೇ ಚೀಲ, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗ. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಯುಡಿಐಡಿ ನಂಬರ್, ಯುಎಎನ್ ನಂಬರ್ ಇವನ್ನು ಬೇರೆ ಹಾಳೆಯಲ್ಲೂ ಬರೆದಿಡಿ. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇರಲಿ, ಆಧಾರ್ ಜೋಡಣೆ ಆಗಿರಲಿ.

• ಅರ್ಜಿ ಹಾಕಲು ಏಜೆಂಟರಿಗೆ ದುಡ್ಡು ಕೊಡಬೇಡಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ತಾಲೂಕಿನಲ್ಲಿ ಎಂ.ಆರ್.ಡಬ್ಲ್ಯು. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಬಹುಪಾಲು ಅವರೂ ಅಂಗವಿಕಲರೇ, ನಮ್ಮ ಕಷ್ಟ ಅವರಿಗೆ ಹೇಳಿಕೊಡಬೇಕಾಗಿಲ್ಲ. ಪಂಚಾಯಿತಿಯ ಹಣದಲ್ಲಿ ಶೇಕಡಾ 5ರಷ್ಟು ಅಂಗವಿಕಲರಿಗೆಂದೇ ಮೀಸಲು. ಅದು ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ.

• ಆರೈಕೆಯನ್ನೂ ಶಿಫ್ಟ್ ಎಂದೇ ತಿಳಿದು ಹಂಚಿ. ನಮ್ಮ ಮನೆಯವರು ಬೆಳಗಿನ ಬಾಡಿಗೆ ಮುಗಿಸಿ ಹತ್ತಕ್ಕೆ ಮನೆಗೆ ಬಂದು, ಮಗಳಿಗೆ ತಿಂಡಿ ಕೊಟ್ಟು, ಆಟೊದಲ್ಲೇ ಡೇ ಕೇರಿಗೆ ಬಿಟ್ಟು ಮತ್ತೆ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಮೂರು ಗಂಟೆಗೆ ಮನೆಗೆ ಕರೆತಂದು, ನಾನು ಬರುವ ತನಕ ಬೀದಿಯ ಕೊನೆಯ ಮನೆಯ ಅಜ್ಜಿ ನೋಡಿಕೊಳ್ಳುತ್ತಿದ್ದರು. ಅಜ್ಜಿಗೆ ತಿಂಗಳ ದುಡ್ಡು ಕೊಟ್ಟೆವು, ಉಪಕಾರ ಎಂದು ಬಿಟ್ಟಿ ಇಟ್ಟುಕೊಳ್ಳಲಿಲ್ಲ. ಬಿಟ್ಟಿ ಉಪಕಾರ ಬೇಸರ ಬಂದ ದಿನ ನಿಂತುಹೋಗುತ್ತದೆ. ಗಂಡಸರಿಗೆ ಒಂದು ಮಾತು: "ಹೆಲ್ಪ್ ಮಾಡ್ತೀನಿ" ಅನ್ನಬೇಡಿ. ಇಂಥ ಹೊತ್ತಿಗೆ ಇಂಥ ಕೆಲಸ ನನ್ನದು ಎಂದು ಒಪ್ಪಿಕೊಳ್ಳಿ, ಆ ಹೊತ್ತಿನಲ್ಲಿ ಹೆಂಡತಿ ನೆನಪು ಮಾಡುವ ಹಾಗಾಗಬಾರದು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತು. ಸಾವಿರದಲ್ಲಿ ಏನಾಗುತ್ತದೆ ಎಂದು ಕೇಳಬಹುದು. ಆರೈಕೆಯೂ ದುಡಿಮೆ ಎಂದು ಸರ್ಕಾರವೇ ಒಪ್ಪಿದ ಮೇಲೆ ಮನೆಯವರು ಒಪ್ಪದಿದ್ದರೆ ಹೇಗೆ?

• ಮಗುವನ್ನು ಒಳಗಿಟ್ಟು ಬೀಗ ಹಾಕಿ ಕೆಲಸಕ್ಕೆ ಹೋಗಬೇಡಿ. ಬೇರೆ ದಾರಿಯಿಲ್ಲದೆ ಹಾಗೆ ಮಾಡುವವರಿದ್ದಾರೆ, ಅವರನ್ನು ಬೈಯುವುದಿಲ್ಲ. ಆದರೆ ಬೆಂಕಿ ಹತ್ತಿದರೆ, ಫಿಟ್ಸ್ ಬಂದರೆ, ಯಾರಾದರೂ ಬಾಗಿಲು ಮುರಿದು ಒಳನುಗ್ಗಿದರೆ ಮಗುವಿಗೆ ಕೂಗಲಿಕ್ಕೂ ಬರುವುದಿಲ್ಲ. ಅಕ್ಕಪಕ್ಕದಲ್ಲಿ ಇಬ್ಬರು ಮೂವರು ದುಡಿಯುವ ತಾಯಂದಿರು ಸೇರಿ ಒಬ್ಬ ಹೆಂಗಸನ್ನು ನೇಮಿಸಿಕೊಳ್ಳಿ. ಯಾರ ಬಳಿ ಬಿಟ್ಟಿದ್ದೀರಿ ಎಂಬುದು ಒಂದೆಡೆ ಇರಲಿ, ಆ ಮನೆಗೆ ಯಾರು ಯಾರು ಬಂದುಹೋಗುತ್ತಾರೆ ಎಂದೂ ತಿಳಿದಿರಲಿ. ಆಗಾಗ ಹೇಳದೆ ಹೋಗಿ ನೋಡಿ.

• ಹೆಣ್ಣುಮಗುವಾದರೆ ಮುಟ್ಟಿನ ದಿನಗಳ ತಯಾರಿಯನ್ನು ಎಂಟು-ಒಂಬತ್ತು ವರ್ಷಕ್ಕೇ ಶುರುಮಾಡಿ. ನಮ್ಮ ಮಗಳಿಗೆ ಮೊದಲು ಪ್ಯಾಡ್ ಕಟ್ಟಿಕೊಂಡು ಸುಮ್ಮನೆ ಕೂರುವುದನ್ನು ಅಭ್ಯಾಸ ಮಾಡಿಸಿದೆವು, ಅದನ್ನು ಕಿತ್ತೆಸೆಯಬಾರದು ಎಂದು. ಆಮೇಲೆ ಕೆಂಪು ಶಾಯಿ ಹಚ್ಚಿ ಬದಲಿಸುವುದನ್ನು ತೋರಿಸಿದೆ. ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕುವುದನ್ನು ಕಲಿಯಲು ವರ್ಷಗಳೇ ಹಿಡಿದವು. ಕಲಿತಳು. ಅವಳು ಅದನ್ನು ಕಲಿತ ಮೇಲೆ ತಿಂಗಳಲ್ಲಿ ನನ್ನ ರಜೆಗಳು ಉಳಿದವು, ಅಟೆಂಡೆನ್ಸ್ ಬೋನಸ್ ಉಳಿಯಿತು, ಎಲ್ಲಕ್ಕಿಂತ ಮುಖ್ಯವಾಗಿ ಅವಳ ಮೈ ಅವಳದಾಗಿ ಉಳಿಯಿತು. ಗರ್ಭಕೋಶ ತೆಗೆಸಿಬಿಡಿ ಎಂದು ಸಲಹೆ ಕೊಡುವವರು ಬರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ.

• ಶಾಲೆ ಬಿಡಿಸಬೇಡಿ. ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಈ ಮಕ್ಕಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು. ಶಾಲೆಗೆ ಹೋಗಲು ಆಗದ ಮಗುವಿಗೆ ಸಮಗ್ರ ಶಿಕ್ಷಣದಡಿ ಗೃಹ ಆಧಾರಿತ ಶಿಕ್ಷಣವಿದೆ, ಬಿಇಒ ಕಚೇರಿಯಲ್ಲಿ ಕೇಳಿ. ಮಾತು, ಕಿವಿಯ ತೊಂದರೆಯಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು.

• "ಈ ಲೇಹ್ಯ ತಿನ್ನಿಸಿ, ಬುದ್ಧಿ ಬೆಳೆಯುತ್ತೆ" ಎನ್ನುವವರಿಗೆ ಸಂಘದ ಸಾಲ ಎತ್ತಿ ಕೊಡಬೇಡಿ. ಅದೇ ದುಡ್ಡಿನಲ್ಲಿ ಫಿಸಿಯೊಥೆರಪಿಗೆ ಹೋಗಿಬನ್ನಿ.

• ಫಿಟ್ಸ್ ಮಾತ್ರೆಯನ್ನು ಯಾರು ನುಂಗಿಸಿದರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಕೆಲಸದಿಂದ ಬಂದವರು "ನೀವು ಕೊಟ್ರಾ?" "ನೀನು ಕೊಟ್ಯಾ?" ಎಂದು ಜಗಳವಾಡುವುದು ತಪ್ಪುತ್ತದೆ, ಎರಡು ಸಲ ಕೊಡುವುದೂ ತಪ್ಪುತ್ತದೆ.

• ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಒಂದು ವಿಷಯ ನೋಡಿಕೊಳ್ಳಿ. ಕನಿಷ್ಠ ಐದು ವರ್ಷ ಇಎಸ್‌ಐನಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ಚಿಕಿತ್ಸೆ ಮುಂದುವರಿಸಬಹುದು. ಆದರೆ ಅದು ಗಂಡ ಹೆಂಡತಿಗೆ ಮಾತ್ರ. ಮೂವತ್ತು ವರ್ಷದ ಮಗಳು ಆ ದಿನದಿಂದ ಹೊರಗೆ. ಆ ತೂತು ಮುಚ್ಚಲು ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಸೇರಿ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯಿಲ್ಲ. ಪ್ರತಿ ವರ್ಷ ನವೀಕರಿಸಬೇಕು. ಬಿಲ್ಲುಗಳನ್ನು ಎಸೆಯದೆ ಇಡಬೇಕು.

• ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ನೀವು ಮಗುವಿನ ಪೋಷಕರಲ್ಲ. ಬ್ಯಾಂಕಿನಲ್ಲಿ, ಪಿಎಫ್ ಕಚೇರಿಯಲ್ಲಿ "ಗಾರ್ಡಿಯನ್ ಪತ್ರ ತನ್ನಿ" ಎನ್ನುತ್ತಾರೆ. ಮೇಲೆ ಹೇಳಿದ ನಾಲ್ಕು ಬಗೆಯವರಿಗೆ ಕೋರ್ಟಿಗೆ ಅಲೆಯದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದಲೇ ಪೋಷಕತ್ವದ ಪತ್ರ ಪಡೆಯಬಹುದು. ನೀವಿಬ್ಬರೂ ಗಟ್ಟಿಯಾಗಿರುವಾಗಲೇ ಮಾಡಿಸಿ.

• ಉಳಿದ ಮಕ್ಕಳ ತಲೆಗೆ "ಮುಂದೆ ಇವಳು ನಿನ್ನ ಜವಾಬ್ದಾರಿ" ಎಂದು ಚಿಕ್ಕಂದಿನಿಂದಲೇ ತುಂಬಬೇಡಿ. ಅವರು ಓದಲಿ, ದುಡಿಯಲಿ, ಅವರ ಸಂಸಾರ ಅವರು ಮಾಡಲಿ. ಪಿಂಚಣಿ, ವಿಮೆ, ಪೋಷಕತ್ವದ ಪತ್ರ ಎಲ್ಲ ಸರಿಯಾಗಿದ್ದರೆ ಅಕ್ಕನನ್ನು ನೋಡಿಕೊಳ್ಳಲು ತಮ್ಮ ತಾನಾಗಿಯೇ ಮುಂದೆ ಬರುತ್ತಾನೆ. ಬರಿಗೈಯಲ್ಲಿ ಒಪ್ಪಿಸಿದರೆ ಒಳ್ಳೆಯ ಮಗನೂ ಹಿಂಜರಿಯುತ್ತಾನೆ.

• ಆ ಮಗುವೂ ದುಡಿಯಬಹುದು ಎಂಬುದನ್ನು ಮರೆಯಬೇಡಿ. ನಮ್ಮ ಮಗಳು ಡೇ ಕೇರಿನಲ್ಲಿ ಕಾಗದದ ಕವರ್ ಅಂಟಿಸುವುದನ್ನು ಕಲಿತಿದ್ದಾಳೆ. ಬರುವ ದುಡ್ಡು ಚಿಕ್ಕದು, ಆದರೆ ಅದರಲ್ಲಿ ಶನಿವಾರ ಬಳೆ ಕೊಳ್ಳುವುದು ಅವಳಿಷ್ಟ, ಬಣ್ಣವೂ ಅವಳಿಷ್ಟ.

• ನಿಮ್ಮ ಸೊಂಟ ನೋಡಿಕೊಳ್ಳಿ. ಬೆಳೆದ ಮಗುವನ್ನು ಬಗ್ಗಿ ಎತ್ತಬೇಡಿ; ಮಂಡಿ ಮಡಿಸಿ, ಮೈಗೆ ಹತ್ತಿರ ಹಿಡಿದು ಎತ್ತುವುದನ್ನು ಫಿಸಿಯೊಥೆರಪಿಸ್ಟರಿಂದ ಕಲಿಯಿರಿ. ದಿನವಿಡೀ ಮೆಷಿನ್ ಮುಂದೆ ಕೂತು ಬಂದ ಬೆನ್ನು ಅದು.

• ಕೆಲಸದ ಜಾಗದಲ್ಲಿ ಮಗುವಿನ ವಿಷಯ ಮುಚ್ಚಿಡಬೇಡಿ. ಎಚ್‌.ಆರ್.ಗೆ ಬರವಣಿಗೆಯಲ್ಲಿ ಕೊಡಿ, ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಹಿಮಾಚಲ ಪ್ರದೇಶದ ಒಬ್ಬ ಕಾಲೇಜು ಅಧ್ಯಾಪಕಿಯ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗವೈಕಲ್ಯವಿರುವ ಮಗುವಿನ ತಾಯಿಗೆ ಶಿಶುಪಾಲನಾ ರಜೆ ನಿರಾಕರಿಸುವುದು ಹೆಣ್ಣುಮಕ್ಕಳು ದುಡಿಮೆಯಲ್ಲಿ ಉಳಿಯುವ ಹಕ್ಕಿಗೇ ಧಕ್ಕೆ ಎಂಬ ಅರ್ಥದಲ್ಲಿ ಮಾತಾಡಿತು. ಅದು ಸರ್ಕಾರಿ ನೌಕರಿಯ ಪ್ರಕರಣ. ನಮ್ಮ ಫ್ಯಾಕ್ಟರಿಗಳಿಗೆ ಅಂಥ ರಜೆ ಇನ್ನೂ ಬಂದಿಲ್ಲ. ಯೂನಿಯನ್ ಇದ್ದರೆ ಬೇಡಿಕೆಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಲು ಒತ್ತಾಯ ಮಾಡಿ.

• ಇದನ್ನು ಓದುತ್ತಿರುವವರು ಸೂಪರ್‌ವೈಸರೋ, ಫ್ಲೋರ್ ಇನ್‌ಚಾರ್ಜೋ, ಮಾಲೀಕರೋ ಆಗಿದ್ದರೆ ನಿಮಗೂ ಒಂದು ಕೋರಿಕೆ. ಇಂಥ ಮಗುವಿರುವ ಹೆಣ್ಣುಮಗಳು ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಬಂದು ಸಂಜೆ ಅರ್ಧ ಗಂಟೆ ಹೆಚ್ಚು ಕೂರುತ್ತೇನೆ ಎಂದರೆ ಒಪ್ಪಿಕೊಳ್ಳಿ. ಥೆರಪಿಗೆಂದು ಹಾಕಿದ ಒಂದು ರಜೆಗೆ ಇಡೀ ತಿಂಗಳ ಅಟೆಂಡೆನ್ಸ್ ಬೋನಸ್ ಕತ್ತರಿಸಬೇಡಿ. ನಿಮ್ಮ ಫ್ಯಾಕ್ಟರಿಯ ಕ್ರೆಷ್‌ನಲ್ಲಿ ನಡೆಯಲು ಬಾರದ, ಮಾತು ಬಾರದ ಮಗುವಿಗೂ ಒಂದು ಹಾಸಿಗೆ ಹಾಕಿಸಿ.